ಗರ್ಭಪಾತದ ಕೊಠಡಿಯಲ್ಲಿ ಆತ್ಮಸಾಕ್ಷಿಗೂ ಒಂದು ಕಲಂ ಬೇಕು

ಮಾನ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಧ್ಯಕ್ಷರಿಗೆ,

ನಮಸ್ಕಾರ. ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿ ದುಡಿದು ಈಗ ನಿವೃತ್ತಳಾಗಿರುವ ನಾನು ಆ ವರ್ಷಗಳ ಬಹುಪಾಲನ್ನು ಹೆರಿಗೆ ವಾರ್ಡಿನಲ್ಲೇ ಕಳೆದವಳು. ಧರ್ಮದಿಂದ ಕ್ರೈಸ್ತಳು. ಬಸಿರಿನಲ್ಲಿರುವ ಕೂಸಿನ ಜೀವವೂ ದೇವರು ಕೊಟ್ಟದ್ದು, ಅದನ್ನು ತೆಗೆಯುವ ಅಧಿಕಾರ ಮನುಷ್ಯರ ಕೈಯಲ್ಲಿಲ್ಲ ಎಂದು ನಂಬಿಕೊಂಡು ಬಂದವಳು. ಹಾಗೆಂದು ಗರ್ಭಪಾತದ ಕಾಯ್ದೆಯನ್ನೇ ರದ್ದು ಮಾಡಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಹಾಗೇ ಕೇಳಬೇಕೆಂದು ನಮ್ಮ ಚರ್ಚಿನ ಕೆಲವು ಹಿರಿಯರು ಹೇಳಿದರು. ಆ ವಾದ ದೊಡ್ಡದು, ಮಾಡಬಲ್ಲವರು ಮಾಡಲಿ. ನನ್ನ ಕೋರಿಕೆ ಸಣ್ಣದು. ತಾಯಿಯ ಜೀವಕ್ಕೆ ಅಪಾಯವಿಲ್ಲದ ಸಂದರ್ಭದಲ್ಲಿ, ಗರ್ಭಪಾತಕ್ಕೆ ಕೈಜೋಡಿಸಲು ಆತ್ಮಸಾಕ್ಷಿ ಒಪ್ಪದ ವೈದ್ಯರಿಗೆ, ನರ್ಸ್‌ಗಳಿಗೆ, ವಿದ್ಯಾರ್ಥಿಗಳಿಗೆ ಆ ಕೆಲಸದಿಂದ ಹಿಂದೆ ಸರಿಯುವ ಹಕ್ಕನ್ನು ಕಾನೂನಿನಲ್ಲಿ ಬರೆದು ಕೊಡಿ.

ಅಂಥ ಹಕ್ಕು ಈಗ ಇಲ್ಲ ಎಂಬುದೇ ಬಹಳ ಜನಕ್ಕೆ ತಿಳಿಯದು. ವೈದ್ಯಕೀಯ ಗರ್ಭಪಾತ ಕಾಯ್ದೆ 1971ರ ಆಗಸ್ಟ್ 10ರಂದು ಅಂಗೀಕಾರ ಪಡೆದು 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿಯ ಶಿಫಾರಸು ಅದರ ಹಿಂದಿತ್ತು ನಿಜ. ಆದರೆ ಕಾಯ್ದೆಯ ಅಚ್ಚು ಬಹುಮಟ್ಟಿಗೆ ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯದೇ. ಆ ಬ್ರಿಟಿಷ್ ಕಾಯ್ದೆಯ 4ನೇ ಕಲಂ ಹೇಳುವುದು ಇಷ್ಟು: ಆತ್ಮಸಾಕ್ಷಿ ಒಪ್ಪದ ಯಾರೂ ಈ ಚಿಕಿತ್ಸೆಯಲ್ಲಿ ಭಾಗವಹಿಸಲು ಬದ್ಧರಲ್ಲ, ಆದರೆ ಗರ್ಭಿಣಿಯ ಜೀವ ಉಳಿಸಲು ಅಥವಾ ಅವಳಿಗೆ ಶಾಶ್ವತವಾದ ಗಂಭೀರ ಹಾನಿ ತಪ್ಪಿಸಲು ಬೇಕಾದಾಗ ಈ ವಿನಾಯಿತಿ ನಡೆಯದು. ನಮ್ಮವರು ಅಲ್ಲಿಂದ ಬಹಳಷ್ಟನ್ನು ಎತ್ತಿಕೊಂಡರು, ಈ ಕಲಮನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. 2021ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಎಂದು ಮಿತಿ ವಿಸ್ತರಿಸಿದಾಗಲೂ ಅದರ ನೆನಪು ಯಾರಿಗೂ ಆಗಲಿಲ್ಲ.

ನೆನಪಾಗದಿದ್ದರೆ ಅಷ್ಟಕ್ಕೇ ಬಿಡಬಹುದಿತ್ತು. ತಮ್ಮ ಆಯೋಗಕ್ಕೆ ಮುಂಚೆ ಇದ್ದ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳಲ್ಲಿ, ದುರ್ವರ್ತನೆ ಯಾವುವು ಎಂದು ಪಟ್ಟಿ ಮಾಡುವ ಏಳನೇ ಅಧ್ಯಾಯದಲ್ಲಿ, ವೈದ್ಯಕೀಯ ಕಾರಣವಿರುವಾಗ ಕೇವಲ ಧಾರ್ಮಿಕ ಕಾರಣಕ್ಕಾಗಿ ವೈದ್ಯನು ಗರ್ಭಪಾತಕ್ಕೆ ನೆರವು ನಿರಾಕರಿಸುವಂತಿಲ್ಲ ಎಂಬ ಮಾತು ಇದೆ. ತನಗೆ ಆ ಕೆಲಸ ಮಾಡುವ ಸಾಮರ್ಥ್ಯವಿಲ್ಲ ಎಂದು ಅವನಿಗೆ ಅನಿಸಿದರೆ ಮಾತ್ರ ಬಿಡುಗಡೆ. 2023ರ ಆಗಸ್ಟ್‌ನಲ್ಲಿ ತಮ್ಮ ಆಯೋಗ ಹೊಸ ನಿಯಮಗಳನ್ನು ಹೊರಡಿಸಿ ಅದೇ ತಿಂಗಳಲ್ಲಿ ತಡೆಹಿಡಿದದ್ದರಿಂದ ಈ ಹಳೆಯ ನಿಯಮಗಳೇ ಮತ್ತೆ ಚಾಲ್ತಿಗೆ ಬಂದವು. ಇದರ ಅರ್ಥ ನೋಡಿ: 'ನನಗೆ ಈ ಕೆಲಸ ಬರುವುದಿಲ್ಲ' ಎನ್ನುವ ವೈದ್ಯ ಬಚಾವು, 'ಬರುತ್ತದೆ, ಆದರೆ ನನ್ನ ದೇವರಿಗೆ ಅಂಜಿ ಮಾಡಲಾರೆ' ಎನ್ನುವ ವೈದ್ಯ ದುರ್ವರ್ತನೆಯವನು. ಸುಳ್ಳು ಹೇಳಿದವನಿಗೆ ಬಾಗಿಲು ತೆರೆದು ನಿಜ ಹೇಳಿದವನಿಗೆ ಮುಚ್ಚುವ ನಿಯಮ ಇದು. ಇನ್ನು ನರ್ಸ್‌ಗಳ ಮಾತನ್ನು ಅಲ್ಲಿ ಯಾರೂ ಎತ್ತಿಲ್ಲ. ಡ್ಯೂಟಿ ರೋಸ್ಟರಿನಲ್ಲಿ ಹೆಸರು ಬಿದ್ದಲ್ಲಿ ಅವರು ನಿಲ್ಲಬೇಕು, ಅಷ್ಟೆ.

ನಾನೂ ನಿಂತೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲದ ಬೆಳಗ್ಗೆ, ಕಾಫಿ ತೋಟದ ಲೈನ್ ಮನೆಯಿಂದ ಹೆಂಗಸೊಬ್ಬಳು ಬಂದಳು. ಮೂರು ಮಕ್ಕಳಿದ್ದವು, ಇದು ನಾಲ್ಕನೆಯ ಬಸಿರು, 11 ವಾರ. ತಲೆಗೆ ಕಟ್ಟಿದ್ದ ಒದ್ದೆ ಟವೆಲನ್ನು ಬಿಚ್ಚಿ ಮಡಚಿ ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಒಪ್ಪಿಗೆಯ ಸಿ ಫಾರಮ್ಮಿನ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನೇ. ಶಾಯಿ ಒರೆಸಿಕೊಳ್ಳಲು ಹತ್ತಿ ಕೊಟ್ಟಾಗ ಅವಳು ಕೇಳಿದ್ದು ಒಂದೇ: 'ಸಂಜೆ ಬಸ್ಸಿಗೆ ಹೋಗಬಹುದಾ ಸಿಸ್ಟರ್? ಮನೇಲಿ ಮಕ್ಕಳಿದಾವೆ.' ಮುಂದಿನ ಅರ್ಧ ಗಂಟೆ ನಾನು ವೈದ್ಯರ ಕೈಗೆ ಸಲಕರಣೆಗಳನ್ನು ಒಂದೊಂದಾಗಿ ಕೊಟ್ಟೆ, ಕೊನೆಯಲ್ಲಿ ಕಿಡ್ನಿ ಟ್ರೇಯನ್ನು ಮುಚ್ಚಿ ಎತ್ತಿಕೊಂಡು ಹೋದೆ. ಆ ಟ್ರೇಯ ತೂಕ ಎಷ್ಟಿತ್ತೆಂದು ಕೇಳಿದರೆ ಏನೂ ಇರಲಿಲ್ಲ ಎನ್ನಬೇಕು. ಸಿಂಕಿನ ಮುಂದೆ ನಿಂತವಳಿಗೆ ಕೈ ತೊಳೆದು ಮುಗಿಯಲಿಲ್ಲ. ಆಮೇಲೆ ಅವಳಿಗೆ ಚಹಾ ತರಿಸಿಕೊಟ್ಟೆ, ಬಸ್ಸಿನ ಸಮಯ ಕೇಳಿ ಹೇಳಿದೆ. ಅವಳ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಮೂರು ಮಕ್ಕಳ ತಾಯಿ ದಿನಗೂಲಿ ಬಿಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ಮುಂದೆ ಎಷ್ಟು ಬಾಗಿಲು ಮುಚ್ಚಿರುತ್ತವೆ ಎಂಬುದನ್ನು ನಾನು ದಿನಾ ನೋಡುತ್ತಿದ್ದೆ. ನನ್ನ ಪ್ರಶ್ನೆ ನನ್ನ ಕೈಯನ್ನು ಕುರಿತದ್ದು.

ಮರುದಿನ ಮೇಲಿನವರ ಬಳಿ ಹೋಗಿ, ಈ ಒಂದು ಕೆಲಸಕ್ಕೆ ನನ್ನನ್ನು ಹಾಕಬೇಡಿ, ಬದಲಿಗೆ ಎಷ್ಟು ರಾತ್ರಿ ಪಾಳಿ ಕೊಟ್ಟರೂ ಮಾಡುತ್ತೇನೆ ಎಂದು ಕೇಳಿಕೊಂಡೆ. 'ನಿನ್ನ ದೇವರನ್ನು ಗೇಟಿನ ಹೊರಗೆ ಬಿಟ್ಟು ಬಾ' ಎಂಬ ಉತ್ತರ ಬಂತು. ಆ ವರ್ಷದ ಗುಪ್ತ ವರದಿಯಲ್ಲಿ ನಾನು ಹಟಮಾರಿ ಎಂದು ಬರೆದಿದ್ದರಂತೆ. ದಾರಿ ತೋರಿದವಳು ನನ್ನ ಜೊತೆ ಪಾಳಿ ಮಾಡುತ್ತಿದ್ದ ಒಬ್ಬ ಹಿಂದೂ ಗೆಳತಿ. ಆ ಕೇಸುಗಳಿಗೆ ಅವಳು ನಿಲ್ಲುತ್ತಿದ್ದಳು. ಗೌರಿ ಹಬ್ಬ, ದೀಪಾವಳಿ, ಸಂಕ್ರಾಂತಿಯ ಅವಳ ಡ್ಯೂಟಿಗಳನ್ನೆಲ್ಲ ನಾನು ಮಾಡುತ್ತಿದ್ದೆ. ರಿಜಿಸ್ಟರಿನಲ್ಲಿ ಎಲ್ಲೂ ದಾಖಲಾಗದ ಆ ಒಪ್ಪಂದ ಒಂಬತ್ತು ವರ್ಷ ನಡೆಯಿತು, ಒಬ್ಬ ರೋಗಿಗೂ ತೊಂದರೆಯಾಗಲಿಲ್ಲ. ಅವಳಿಗೆ ವರ್ಗವಾದ ದಿನ ಅದು ಮುಗಿಯಿತು.

ಇಷ್ಟಕ್ಕೂ ನಮ್ಮ ನಂಬಿಕೆ ಏನು ಎಂಬುದನ್ನು ಹೇಳಬೇಕು. ಹೇಳದಿದ್ದರೆ ಇದು ಕೆಲಸ ತಪ್ಪಿಸಿಕೊಳ್ಳುವ ನೆಪದಂತೆ ಕಾಣಬಹುದು. ತಾಯಿಯ ಗರ್ಭದಲ್ಲೇ ತನ್ನನ್ನು ಹೆಣೆದವನು ದೇವರು, ತಾನಿನ್ನೂ ರೂಪುಗೊಳ್ಳದ ಪಿಂಡವಾಗಿದ್ದಾಗಲೇ ಅವನ ಕಣ್ಣು ತನ್ನ ಮೇಲಿತ್ತು ಎಂದು 139ನೇ ಕೀರ್ತನೆ ಹಾಡುತ್ತದೆ. ಗರ್ಭದಲ್ಲಿ ರೂಪಿಸುವ ಮೊದಲೇ ನಿನ್ನನ್ನು ಬಲ್ಲೆ ಎಂದು ಪ್ರವಾದಿ ಯೆರೆಮೀಯನಿಗೆ ದೇವರ ಮಾತು ಬರುತ್ತದೆ. ಲೂಕನ ಸುವಾರ್ತೆಯಲ್ಲಿ, ಆಗ ತಾನೇ ಬಸುರಿಯಾದ ಮರಿಯಳು ಆರು ತಿಂಗಳ ಗರ್ಭಿಣಿ ಎಲಿಸಬೇತಳ ಮನೆಯ ಬಾಗಿಲಲ್ಲಿ ನಿಂತು ವಂದಿಸಿದಾಗ, ಎಲಿಸಬೇತಳ ಹೊಟ್ಟೆಯ ಕೂಸು ಸಂತೋಷದಿಂದ ನಲಿದಾಡುತ್ತದೆ. ಆ ಕೂಸಿಗೆ ಲೂಕನು ಬಳಸುವ ಗ್ರೀಕ್ ಪದವೇ ಮುಂದಿನ ಅಧ್ಯಾಯದಲ್ಲಿ ಗೋದಲಿಯಲ್ಲಿ ಮಲಗಿದ ಹಸುಗೂಸಿಗೂ ಬರುತ್ತದೆ. ಒಳಗಿರುವುದಕ್ಕೆ ಒಂದು ಹೆಸರು, ಹೊರಗೆ ಬಂದದ್ದಕ್ಕೆ ಇನ್ನೊಂದು ಎಂಬ ಭೇದ ಅವನಿಗೆ ತೋರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಡಾಪ್ಲರ್ ಹಿಡಿದು ಎದೆಬಡಿತ ಹುಡುಕುವ ಪ್ರತಿ ನರ್ಸಿಗೂ ಅದು ತೋರುವುದಿಲ್ಲ ಎಂಬುದು ನನ್ನ ಅನುಭವ. ಸದ್ದು ಸಿಕ್ಕ ಕೂಡಲೇ ನಾವೆಲ್ಲ 'ಮಗು ಚೆನ್ನಾಗಿದೆ' ಎನ್ನುತ್ತೇವೆ, ಭ್ರೂಣ ಚೆನ್ನಾಗಿದೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ನಂಬಿಕೆ ನಿನ್ನೆ ಮೊನ್ನೆಯ ರಾಜಕೀಯದಿಂದ ಹುಟ್ಟಿದ್ದೂ ಅಲ್ಲ. ಹೊಸ ಒಡಂಬಡಿಕೆಯ ಕಾಲಕ್ಕೆ ಬಹಳ ಹತ್ತಿರದ ಕ್ರೈಸ್ತ ಬೋಧನೆಯ ಪುಸ್ತಕವಾದ ದಿದಾಖೆಯಲ್ಲೇ ಗರ್ಭಪಾತದಿಂದ ಕೂಸನ್ನು ಕೊಲ್ಲಬಾರದು, ಹುಟ್ಟಿದ ಶಿಶುವನ್ನೂ ಕೊಲ್ಲಬಾರದು ಎಂಬ ಆಜ್ಞೆ ಇದೆ. ಮಾರ್ಚ್ 25ರಂದು, ಕ್ರಿಸ್ತ ಜಯಂತಿಗೆ ಸರಿಯಾಗಿ ಒಂಬತ್ತು ತಿಂಗಳು ಮುಂಚೆ, ಯೇಸು ಮರಿಯಳ ಗರ್ಭದಲ್ಲಿ ನೆಲೆಗೊಂಡದ್ದನ್ನು ಸಭೆ ಶತಮಾನಗಳಿಂದ ಹಬ್ಬವಾಗಿ ಆಚರಿಸುತ್ತಿದೆ; ನಾವು ದೇವರ ಮಗನನ್ನು ಲೆಕ್ಕ ಹಿಡಿಯುವುದು ಅಂದಿನಿಂದಲೇ. 2021ರ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದೂ ಮಾರ್ಚ್ 25ರಂದೇ. ಬೇಕೆಂದು ಮಾಡಿದ್ದಲ್ಲವೆಂದು ಬಲ್ಲೆ, ಆದರೂ ಆ ದಿನಾಂಕ ನನ್ನನ್ನು ಚುಚ್ಚುತ್ತದೆ. ಕ್ರೈಸ್ತರೆಲ್ಲರದೂ ಒಂದೇ ಮಾತು ಎಂದು ನಾನು ಹೇಳಲಾರೆ. ಪಿಂಡಕ್ಕೆ ಆತ್ಮ ಬರುವುದು ಯಾವಾಗ ಎಂಬ ಬಗ್ಗೆ ಹಳೆಯ ದೇವಶಾಸ್ತ್ರಜ್ಞರಲ್ಲೇ ಭೇದವಿತ್ತು, ಥಾಮಸ್ ಅಕ್ವಿನಾಸನಂಥವನೂ ಅರಿಸ್ಟಾಟಲನ ದಾರಿಯಲ್ಲಿ ಕೆಲವು ವಾರ ಕಳೆದ ಮೇಲೆ ಎಂದ. ಹಾಗೆಂದರೂ ಅದಕ್ಕೆ ಮುಂಚಿನ ಗರ್ಭಪಾತವನ್ನು ಅವನು ಒಪ್ಪಲಿಲ್ಲ. ಇಂದಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ, ನನ್ನದೂ ಸೇರಿದಂತೆ, ಅತ್ಯಾಚಾರದ ಬಸಿರು, ಬದುಕಲಾರದ ಶಿಶು ಮುಂತಾದ ಸಂದರ್ಭಗಳಲ್ಲಿ ಬೇರೆ ರೀತಿ ಯೋಚಿಸುವ ಒಳ್ಳೆಯ ವಿಶ್ವಾಸಿಗಳಿದ್ದಾರೆ. ಆತ್ಮಸಾಕ್ಷಿಯ ಕಲಂ ಅವರನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ.

ಇಲ್ಲಿಯವರೆಗೆ ಓದಿದ ಕನ್ನಡಿಗರ ಮನಸ್ಸಿಗೆ ಒಂದು ಹೆಸರು ಬಂದಿರುತ್ತದೆ, ಬರಬೇಕು ಕೂಡ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಗೆ 17 ವಾರದ ಬಸಿರಿನಲ್ಲಿ ಸೇರಿದರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿಕೊಂಡರೂ ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ವೈದ್ಯರು ನಿರಾಕರಿಸಿದರು. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ನಿಜವೆಂದು ಅಲ್ಲಿನ ಸೂಲಗಿತ್ತಿ ನರ್ಸ್ ಒಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಆ ಸಾವು ಐರ್ಲೆಂಡನ್ನು ಅಲುಗಾಡಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಅಲ್ಲಿನ ಜನ 1983ರಿಂದ ಸಂವಿಧಾನದಲ್ಲಿದ್ದ ನಿಷೇಧವನ್ನೇ ಕಿತ್ತುಹಾಕಿದರು.

ಆ ಸುದ್ದಿ ಬಂದ ವಾರ ನಾನು ವಾರ್ಡಿನಲ್ಲಿದ್ದೆ. ಜೊತೆಯವರು ನನ್ನ ಮುಖ ನೋಡಿದರು, ನಾನು ತಲೆ ತಗ್ಗಿಸಿದೆ. ನಮ್ಮ ನಂಬಿಕೆಯ ಹೆಸರಿನಲ್ಲಿ ನಡೆದದ್ದಕ್ಕೆ ನಾವು ಬೇರೆಯವರಿಗಿಂತ ಮೊದಲು ಉತ್ತರ ಕೊಡಬೇಕು. ತನಿಖೆಯಲ್ಲಿ ಸೋಂಕಿನ ಲಕ್ಷಣಗಳನ್ನು ಸರಿಯಾಗಿ ಗಮನಿಸದ ಲೋಪಗಳೂ ಹೊರಬಂದವು, ಆದರೆ ಅದರ ಹಿಂದೆ ಅಡಗಿಕೊಳ್ಳಲು ನನಗೆ ಇಷ್ಟವಿಲ್ಲ. ಉಳಿಯಲಾರದ ಕೂಸಿಗಾಗಿ ಉಳಿಯಬಹುದಾದ ತಾಯಿಯನ್ನು ಕಾಯಿಸುವುದನ್ನು ನಾನು ಬಲ್ಲ ಯಾವ ಕ್ರೈಸ್ತ ಬೋಧನೆಯೂ ಕೇಳುವುದಿಲ್ಲ. ಸೋಂಕಾದ ಗರ್ಭಕೋಶವನ್ನು ಬರಿದು ಮಾಡುವುದು ತಾಯಿಗೆ ಕೊಡುವ ಚಿಕಿತ್ಸೆ. ನಾಳದಲ್ಲಿ ನಿಂತ ಬಸಿರು ಒಡೆದು, ನಾಡಿ ಸಿಗದೆ, ಬೆಳ್ಳಗೆ ಬಿಳುಚಿಕೊಂಡು ಮಧ್ಯರಾತ್ರಿ ಜೀಪಿನಲ್ಲಿ ಬಂದ ಹುಡುಗಿಯರಿಗೆ ಆಪರೇಷನ್ ಟೇಬಲ್ ಸಿದ್ಧಪಡಿಸುವಾಗ ನನ್ನ ಕೈ ಒಮ್ಮೆಯೂ ತಡೆಯಲಿಲ್ಲ. ಆದ್ದರಿಂದ ನಾನು ಕೇಳುವ ಕಲಮಿನಲ್ಲಿ ಮೊದಲ ಸಾಲೇ ತಾಯಿಯದಾಗಿರಬೇಕು: ಅವಳ ಜೀವಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯವಿದ್ದಾಗ ಯಾರೂ, ಯಾವ ಧರ್ಮದ ಹೆಸರಿನಲ್ಲೂ, ಹಿಂದೆ ಸರಿಯುವಂತಿಲ್ಲ.

ಇನ್ನೊಂದು ಆಕ್ಷೇಪವನ್ನೂ ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಇಟಲಿಯಲ್ಲಿ 1978ರ ಕಾಯ್ದೆ ಇಂಥ ವಿನಾಯಿತಿ ಕೊಟ್ಟಿದೆ, ಅಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಸೂತಿ ತಜ್ಞರು ಅದನ್ನು ಬಳಸಿ ಹಿಂದೆ ಸರಿದದ್ದರಿಂದ ಕೆಲವು ಕಡೆ ಮಹಿಳೆಯರು ಊರೂರು ಅಲೆಯಬೇಕಾಗಿದೆ. ಒಬ್ಬರೇ ಪ್ರಸೂತಿ ತಜ್ಞರಿರುವ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಹೀಗಾದರೆ ಗತಿಯೇನು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಇಟಲಿಯಂತೆ ಇಲ್ಲಿ ಕ್ರೈಸ್ತರು ಬಹುಸಂಖ್ಯಾತರಲ್ಲ. ನೂರಕ್ಕೆ ಮೂರು ಜನವೂ ಇಲ್ಲ. ಹಿಂದೆ ಸರಿಯುವವರು ಮುಂಚೆಯೇ ಲಿಖಿತವಾಗಿ ತಿಳಿಸಬೇಕು, ಬದಲಿ ವ್ಯವಸ್ಥೆ ಮಾಡುವ ಹೊಣೆ ಆಸ್ಪತ್ರೆಯದು, ಬಂದ ಮಹಿಳೆಗೆ ಉಪದೇಶ ಮಾಡುವಂತಿಲ್ಲ, ಸುಳ್ಳು ಹೇಳುವಂತಿಲ್ಲ, ಬೇಕೆಂದೇ ದಿನ ತಳ್ಳುವಂತಿಲ್ಲ ಎಂದು ನಿಯಮ ಮಾಡಿ. ಇವನ್ನೆಲ್ಲ ನಾನು ಸಂತೋಷದಿಂದ ಒಪ್ಪುತ್ತೇನೆ. ಹಿಂದೆ ಸರಿಯುವ ಹಕ್ಕಿಗೆ ಗಡಿಯೂ ಇರಲಿ. ಗ್ಲಾಸ್ಗೋದ ಇಬ್ಬರು ಕ್ಯಾಥೊಲಿಕ್ ಸೂಲಗಿತ್ತಿಯರು ಗರ್ಭಪಾತದ ಕೆಲಸವನ್ನು ಬೇರೆಯವರಿಗೆ ಹಂಚುವ, ಮೇಲ್ವಿಚಾರಣೆ ಮಾಡುವ ಹೊಣೆಯಿಂದಲೂ ಬಿಡುಗಡೆ ಕೇಳಿದಾಗ, ಕಲಂ ಅನ್ವಯಿಸುವುದು ಸ್ವತಃ ಕೈಯಿಂದ ಭಾಗವಹಿಸುವವರಿಗೆ ಮಾತ್ರ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಅಷ್ಟು ಸಿಕ್ಕರೂ ನಮಗೆ ಸಾಕು.

ಸಂವಿಧಾನದ 25ನೇ ವಿಧಿ ಶುರುವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ, ಧರ್ಮಾಚರಣೆಯ ಮಾತು ಆಮೇಲೆ ಬರುತ್ತದೆ. ರಾಷ್ಟ್ರಗೀತೆಯ ವೇಳೆ ಎದ್ದು ನಿಂತು ಗೌರವ ತೋರಿಸಿ, ಹಾಡಲು ಮಾತ್ರ ತಮ್ಮ ವಿಶ್ವಾಸ ಒಪ್ಪದೆಂದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ನ್ಯಾಯಾಲಯದಲ್ಲಿ 2023ರ ಅಕ್ಟೋಬರ್‌ನಲ್ಲಿ, ಇಬ್ಬರು ಮಕ್ಕಳಿದ್ದು ಬಾಣಂತನದ ಮನೋರೋಗದಿಂದ ನರಳುತ್ತಿದ್ದ ತಾಯಿಯೊಬ್ಬರ 26 ವಾರದ ಬಸಿರಿನ ಅರ್ಜಿ ಬಂತು. ಮೊದಲು ಅನುಮತಿ ಸಿಕ್ಕಿತು. ಭ್ರೂಣದ ಎದೆಬಡಿತವನ್ನು ನಿಲ್ಲಿಸಬೇಕೇ ಎಂದು ಏಮ್ಸ್ ವೈದ್ಯರು ಸ್ಪಷ್ಟನೆ ಕೇಳಿ ಬರೆದರು. ಆಗ ಪೀಠವೇ ಒಡೆಯಿತು: ಅನುಮತಿ ಕೊಡಲು ತಮ್ಮ ನ್ಯಾಯಿಕ ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದು ನ್ಯಾಯಮೂರ್ತಿ ಹಿಮಾ ಕೊಹ್ಲಿ ಹೇಳಿದರೆ, ಆ ಮಹಿಳೆಯ ನಿರ್ಧಾರವನ್ನು ಗೌರವಿಸಬೇಕೆಂದು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ನಿಂತರು. ಕೊನೆಗೆ ಅಕ್ಟೋಬರ್ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಆ ತಾಯಿಯ ಸಂಕಟ ದೊಡ್ಡದು, ಫಲಿತಾಂಶ ಬಂತೆಂದು ನಾನು ಕುಣಿಯಲಿಲ್ಲ. ಆದರೆ ಆದೇಶಕ್ಕೆ ಸಹಿ ಹಾಕುವ ನ್ಯಾಯಮೂರ್ತಿಗೆ ಆತ್ಮಸಾಕ್ಷಿ ಅಡ್ಡ ಬರಬಹುದಾದರೆ, ಆ ಆದೇಶವನ್ನು ಕೈಯಾರೆ ನಡೆಸಬೇಕಾದ ನರ್ಸಿಗೆ ಅದು ಬರಬಾರದು ಎನ್ನುವುದು ಯಾವ ನ್ಯಾಯ?

ಆತ್ಮಸಾಕ್ಷಿಯುಳ್ಳ ಸಿಬ್ಬಂದಿ ಸರ್ಕಾರಕ್ಕೇ ಬೇಕು. ಅದೇ 2023ರ ಕೊನೆಯಲ್ಲಿ ಮಂಡ್ಯದ ಭ್ರೂಣಹತ್ಯೆಯ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೆಣ್ಣೆಂದು ಕಂಡ ಭ್ರೂಣಗಳನ್ನು ತೆಗೆಸುತ್ತಿದ್ದರು. ಮೂರು ವರ್ಷದಲ್ಲಿ ಸುಮಾರು 900 ಎಂದು ಪೊಲೀಸರು ಹೇಳಿದರು. ಅದರ ಹಿಂದಿನ ವರ್ಷ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಏಳು ಭ್ರೂಣಗಳು ಡಬ್ಬಿಗಳಲ್ಲಿ ಸಿಕ್ಕಿದ್ದವು. ಆಲೆಮನೆಯ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ವೈದ್ಯರಿದ್ದರು, ಆಸ್ಪತ್ರೆ ಸಿಬ್ಬಂದಿ ಇದ್ದರು. ಇಂಥ ಕಡೆ 'ನಾನು ಮಾಡುವುದಿಲ್ಲ' ಎಂದು ಎದ್ದು ಹೋಗುವ ಒಬ್ಬರಾದರೂ ಇರಲಿ ಎಂದು ತಾವು ಬಯಸುತ್ತೀರಿ. ಕಾನೂನುಬದ್ಧ ಗರ್ಭಪಾತದ ಕೊಠಡಿಯಲ್ಲಿ ಆ ಮಾತನ್ನು ಹೇಳಿದವರನ್ನು ಹಟಮಾರಿ ಎಂದು ಬರೆದಿಡುವ ವ್ಯವಸ್ಥೆ, ಆಲೆಮನೆಯಲ್ಲಿ ಅದನ್ನು ಹೇಗೆ ನಿರೀಕ್ಷಿಸೀತು? ಹೆಣ್ಣೆಂಬ ಕಾರಣಕ್ಕೆ ತೆಗೆಯುವುದು ಅಪರಾಧ, ಗಂಭೀರ ನ್ಯೂನತೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರಗಳ ಮಿತಿಯೇ ಇಲ್ಲ ಎಂಬ ಈಗಿನ ವ್ಯವಸ್ಥೆಯ ಬಗ್ಗೆಯೂ ನನಗೆ ತಳಮಳವಿದೆ, ಆದರೆ ಅದನ್ನು ಈ ಪತ್ರದಲ್ಲಿ ಬೆಳೆಸುವುದಿಲ್ಲ.

ಹಕ್ಕು ಕೇಳುವಾಗ ನಮ್ಮವರ ಬಾಕಿಯನ್ನೂ ಒಪ್ಪಿಕೊಳ್ಳಬೇಕು. ಜೀವ ಪವಿತ್ರ ಎಂದು ಭಾನುವಾರ ಬೋಧಿಸಿ, ಮದುವೆಯಾಗದೆ ಬಸುರಾದ ಹುಡುಗಿಗೆ ಸೋಮವಾರ ಬೆನ್ನು ತೋರಿಸಿದ ಸಭೆಗಳನ್ನು ನಾನು ಬಲ್ಲೆ. ನನ್ನ ಬಳಿ ಗುಟ್ಟಾಗಿ ಬಂದು ಅತ್ತವರಲ್ಲಿ ಕ್ರೈಸ್ತ ಹುಡುಗಿಯರು ಕಡಿಮೆಯೇನಿರಲಿಲ್ಲ. ಅವರು ಅಂಜುತ್ತಿದ್ದುದು ದೇವರಿಗಿಂತ ಹೆಚ್ಚಾಗಿ ಚರ್ಚಿನ ಹೆಂಗಸರ ಬಾಯಿಗೆ. ಆ ಲೈನ್ ಮನೆಯ ತಾಯಿಗೆ ನಾಲ್ಕನೆಯದನ್ನು ಹೆತ್ತು ಸಾಕುವ ಧೈರ್ಯ ಬರುವಂತೆ ನಾನಾಗಲಿ, ನನ್ನ ಸಭೆಯಾಗಲಿ ಏನು ಮಾಡಿದ್ದೆವು? ಒಂದು ಸೇರು ಅಕ್ಕಿಯನ್ನೂ ಕೊಟ್ಟಿರಲಿಲ್ಲ. ಈ ಪತ್ರವನ್ನು ಓದುವ ಸಭಾಪಾಲಕರಿಗೆ ಇದನ್ನೂ ಓದಿಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ.

ನನ್ನ ತಂಗಿಯ ಮಗಳು ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಮುಂದಿನ ತಿಂಗಳು ಅವಳಿಗೆ ಹೆರಿಗೆ ವಾರ್ಡಿನ ಪೋಸ್ಟಿಂಗ್. ಹೋದ ವಾರ ಬಂದು ಕೂತು ಕೇಳಿದಳು: 'ದೊಡ್ಡಮ್ಮ, ಆ ಕೆಲಸಕ್ಕೆ ನನ್ನನ್ನ ಹಾಕಬೇಡಿ ಅಂತ ಅರ್ಜಿ ಕೊಟ್ಟರೆ, ಯಾವ ರೂಲ್ ಪ್ರಕಾರ ಅಂತ ಬರೀಲಿ?' ಅವಳಿಗೆ ತೋರಿಸಲು ನನ್ನ ಬಳಿ ಯಾವ ರೂಲೂ ಇರಲಿಲ್ಲ. ಗೌರಿ ಹಬ್ಬದ ಡ್ಯೂಟಿಯ ಕಥೆ ಹೇಳಿ ಕಳಿಸಿದೆ.

ಇತಿ,
ಒಬ್ಬ ನಿವೃತ್ತ ಶುಶ್ರೂಷಕಿ